ಲೋಹದ ದಣಿವೂ ಉಕ್ಕಿನ ಮೈಯೂ

ದಿನವೆಲ್ಲ ಗಾಡಿಯನ್ನೆಳೆದು ದಣಿದ ಎತ್ತು ರಾತ್ರಿಯ ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತದೆ. ದುಡಿದು ಬಳಲಿದ ಮನುಷ್ಯನು ನಿದ್ರೆಯಿಂದ ಹೊಸಬನಾಗಿ ಏಳುತ್ತಾನೆ. ಜೀವವುಳ್ಳವುಗಳಿಗೆ ದಣಿವು ಸಹಜವಾದುದು, ಅದರ ಪರಿಹಾರವೂ ಸಹಜವಾದುದು. ಆದರೆ ಜೀವವಿಲ್ಲದ ಕಬ್ಬಿಣವೂ ದಣಿಯುತ್ತದೆ, ಗಟ್ಟಿತನಕ್ಕೆ ಉಪಮಾನವಾದ ಉಕ್ಕೂ ದಣಿಯುತ್ತದೆ, ಆ ದಣಿವು ಎಷ್ಟು ದಿನ ಸುಮ್ಮನೆ ಬಿಟ್ಟರೂ ಹೋಗುವುದಿಲ್ಲ ಎಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಈ ಆಶ್ಚರ್ಯಕ್ಕೆ ಕಾರಣವಿಲ್ಲ. ಇಕ್ಕುಳವಿಲ್ಲದಾಗ ತಂತಿಯ ತುಂಡನ್ನು ಅತ್ತಿತ್ತ ಹತ್ತಾರು ಸಲ ಬಗ್ಗಿಸಿ ಮುರಿಯದವರು ಯಾರಿದ್ದಾರೆ? ಒಂದೇ ಸಲ ಎಳೆದರೆ ಮುರಿಯದ ತಂತಿ ಮರಳಿ ಮರಳಿ ಬಗ್ಗಿಸಿದರೆ ಮುರಿಯುತ್ತದೆ. ಇದು ಲೋಹದ ದಣಿವಿನ ಒರಟು ಉದಾಹರಣೆ. ನಿಜವಾದ ದಣಿವು ಇದಕ್ಕಿಂತ ಸೂಕ್ಷ್ಮವಾದುದು, ಇದಕ್ಕಿಂತ ಅಪಾಯಕರವಾದುದು. ಕಣ್ಣಿಗೆ ಕಾಣುವಷ್ಟು ಬಗ್ಗದೆ, ಹೊರಬಲ್ಲ ಭಾರದ ಅರ್ಧವನ್ನೂ ಹೊರದೆ, ಯಾವ ಮುನ್ಸೂಚನೆಯನ್ನೂ ಕೊಡದೆ, ಲಕ್ಷಾಂತರ ಸಲ ಸರಿಯಾಗಿ ಕೆಲಸ ಮಾಡಿದ ಉಕ್ಕು ಒಂದು ದಿನ ಎರಡು ತುಂಡಾಗುತ್ತದೆ.

ಈ ದಣಿವು ಲೋಹದ ಯಾವ ಭಾಗದಲ್ಲಿ ಮೊದಲಾಗುತ್ತದೆ, ಒಳಗಿನ ತಿರುಳಿನಲ್ಲಿಯೋ ಹೊರಗಿನ ಮೈಯಲ್ಲಿಯೋ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಯುರೋಪು ಅಮೆರಿಕಗಳ ಶಿಲ್ಪಿಗಳಿಗೂ ವಿಜ್ಞಾನಿಗಳಿಗೂ ನೂರು ವರ್ಷಗಳೇ ಹಿಡಿದವು. ಆ ಉತ್ತರವು ದೊರೆತ ಬಗೆಯನ್ನೂ, ನಮ್ಮ ಮನೆಮನೆಗೂ ಬಂದಿರುವ ತುಕ್ಕು ಹಿಡಿಯದ ಉಕ್ಕಿಗೆ, ಎಂದರೆ ಸ್ಟೇನ್‌ಲೆಸ್ ಸ್ಟೀಲಿಗೆ, ಅದು ಅನ್ವಯಿಸುವ ರೀತಿಯನ್ನೂ ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಲೋಹದ ದಣಿವನ್ನು ಪರೀಕ್ಷಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಜರ್ಮನಿಯ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ. ಹಾರ್ಜ್ ಬೆಟ್ಟಗಳ ಕ್ಲಾಸ್ಟಾಲ್ ಎಂಬಲ್ಲಿ ಗಣಿಗಳಿಂದ ಅದಿರನ್ನು ಮೇಲೆತ್ತುವ ಕಬ್ಬಿಣದ ಸರಪಳಿಗಳು ಆಗಾಗ್ಗೆ ತುಂಡಾಗುತ್ತಿದ್ದವು. ಅವು ಹೊರುತ್ತಿದ್ದ ಭಾರವು ಅವುಗಳ ಶಕ್ತಿಗೆ ಮೀರಿದುದಾಗಿರಲಿಲ್ಲ. ಆದುದರಿಂದ ಒಂದೇ ಭಾರವನ್ನು ಮತ್ತೆ ಮತ್ತೆ ಹೇರಿ ಇಳಿಸುವುದರಿಂದ ಸರಪಳಿಗೆ ಏನಾಗುತ್ತದೆಂದು ನೋಡಲು ಅವನು 1829ರ ಹೊತ್ತಿಗೆ ಒಂದು ಯಂತ್ರವನ್ನು ಕಟ್ಟಿಸಿ ಪರೀಕ್ಷೆ ನಡೆಸಿದನು. ಒಂದು ಸಲ ಹೊತ್ತರೆ ನಿಲ್ಲುವ ಸರಪಳಿ ಸಾವಿರಾರು ಸಲ ಹೊತ್ತರೆ ಸೋಲುತ್ತದೆಂಬುದು ಸ್ಪಷ್ಟವಾಯಿತು. ಮುಂದೆ 1834ರಲ್ಲಿ ಸರಪಳಿಗೆ ಬದಲಾಗಿ ಕಬ್ಬಿಣದ ತಂತಿಗಳನ್ನು ಹೊಸೆದ ಹಗ್ಗವನ್ನು ಬಳಕೆಗೆ ತಂದವನೂ ಇವನೇ. ಆದರೆ ಗಣಿಯ ಸರಪಳಿಯ ಮಾತು ಗಣಿಯವರಲ್ಲಿಯೇ ಉಳಿಯಿತು. ಲೋಕವು ಈ ಸಂಗತಿಯತ್ತ ಕಣ್ಣು ತೆರೆಯಲು ದೊಡ್ಡದೊಂದು ದುರಂತವೇ ನಡೆಯಬೇಕಾಯಿತು.

1842ನೆಯ ಇಸವಿ ಮೇ ತಿಂಗಳು 8ನೆಯ ದಿನ ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಉದ್ಯಾನದಲ್ಲಿ ರಾಜನ ಗೌರವಾರ್ಥವಾದ ಉತ್ಸವವೊಂದು ನಡೆಯಿತು. ಅದನ್ನು ನೋಡಿ ಪ್ಯಾರಿಸ್ ನಗರಕ್ಕೆ ಹಿಂದಿರುಗುತ್ತಿದ್ದ ಜನರಿಂದ ರೈಲು ತುಂಬಿಹೋಗಿದ್ದಿತು. ಮ್ಯೂಡನ್ ಎಂಬ ಊರಿನ ಬಳಿ ಮುಂದಿನ ಎಂಜಿನಿನ ಇರುಸು, ಎಂದರೆ ಎರಡು ಗಾಲಿಗಳನ್ನು ಕೂಡಿಸುವ ಕಬ್ಬಿಣದ ದಂಡ, ಹಠಾತ್ತಾಗಿ ಮುರಿಯಿತು. ಎಂಜಿನು ಉರುಳಿತು, ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿದವು, ಒಲೆಯ ಕೆಂಡಗಳಿಂದ ಮರದ ಗಾಡಿಗಳಿಗೆ ಬೆಂಕಿ ಹತ್ತಿಕೊಂಡಿತು. ಪ್ರಯಾಣಿಕರು ಮಧ್ಯದಲ್ಲಿ ಇಳಿಯದಿರಲೆಂದು ಗಾಡಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕುವುದು ಅಲ್ಲಿಯ ಪದ್ಧತಿಯಾಗಿದ್ದಿತು. ಐವತ್ತಕ್ಕೂ ಹೆಚ್ಚು ಮಂದಿ ಒಳಗೇ ಬೆಂದುಹೋದರು. ದಕ್ಷಿಣ ಧ್ರುವದ ಹಿಮಸಾಗರಗಳವರೆಗೆ ಹಡಗು ನಡೆಯಿಸಿ ಬದುಕಿ ಬಂದಿದ್ದ ಪ್ರಸಿದ್ಧ ನಾವಿಕ ಡ್ಯುಮಾನ್ ಡರ್ವಿಲ್ಲನು ತನ್ನ ಹೆಂಡತಿ ಮಗನೊಡನೆ ಈ ಕೆಲವು ಹರದಾರಿಯ ಪ್ರಯಾಣದಲ್ಲಿ ಮಡಿದನು.

ಮುರಿದ ಇರುಸನ್ನು ನೋಡಿದವರಿಗೆ ಒಂದು ವಿಚಿತ್ರವು ಕಂಡುಬಂದಿತು. ಕಮ್ಮಾರನು ಬಡಿದು ಹದಮಾಡಿದ ಒಳ್ಳೆಯ ಕಬ್ಬಿಣವನ್ನು ಮುರಿದರೆ ಒಳಗೆ ನಾರಿನಂತಹ ರಚನೆ ಕಾಣುವುದು ವಾಡಿಕೆ. ಇಲ್ಲಾದರೋ ಮುರಿದ ಜಾಗದಲ್ಲಿ ನಾರಿಲ್ಲ. ಸಕ್ಕರೆಯ ಹರಳುಗಳಂತೆ ಮಿನುಗುವ ಕಣಗಳು. ಇದನ್ನು ನೋಡಿ ಆಗಿನವರು ಒಂದು ಸಿದ್ಧಾಂತವನ್ನು ಹೂಡಿದರು. ಗಾಡಿಯ ಓಟದ ಅದುರುವಿಕೆಯಿಂದ ಕಬ್ಬಿಣದ ಒಳಗಿನ ನಾರು ಕ್ರಮೇಣ ಹರಳಾಗಿ ಮಾರ್ಪಡುತ್ತದೆ, ಹರಳಾದ ಕಬ್ಬಿಣವು ಗಾಜಿನಂತೆ ಸಿಡಿಯುತ್ತದೆ ಎಂದರು. ಈ ಸಿದ್ಧಾಂತದ ಪ್ರಕಾರ ರೋಗವು ಕಬ್ಬಿಣದ ಮಜ್ಜೆಯಲ್ಲಿದೆ. ಹೊರಗಿನಿಂದ ನೋಡಿ ತಿಳಿಯುವ ಬಗೆಯಿಲ್ಲ. ಒಂದು ಕಾಲಾವಧಿಯ ಮೇಲೆ ಇರುಸನ್ನು ಬದಲಾಯಿಸುವುದಲ್ಲದೆ ಬೇರೆ ಚಿಕಿತ್ಸೆಯೂ ಇಲ್ಲ. ಕೇಳಲು ಯುಕ್ತವಾಗಿದ್ದುದರಿಂದ ಈ ಅಭಿಪ್ರಾಯವು ಬಹುಕಾಲ ಬಾಳಿತು. ಅದು ತಪ್ಪೆಂದು ಸಾಧಿಸುವವರೆಗೆ ಎಷ್ಟು ಇರುಸುಗಳು ಮುರಿದವೋ ಲೆಕ್ಕವಿಲ್ಲ.

ಆದರೂ ವರ್ಸೈಲ್ಸ್ ದುರಂತದ ಮರುವರ್ಷವೇ ಸತ್ಯದ ಒಂದು ಎಳೆ ಕೈಗೆ ಸಿಕ್ಕಿದ್ದಿತು. 1843ರಲ್ಲಿ ಸ್ಕಾಟ್ಲೆಂಡಿನ ತರುಣ ಇಂಜಿನಿಯರ್ ವಿಲಿಯಂ ರ್‍ಯಾಂಕಿನ್ ಮುರಿದ ಇರುಸುಗಳನ್ನು ಪರಿಶೀಲಿಸಿ ಲಂಡನ್ನಿನ ಇಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧವನ್ನಿಟ್ಟನು. ಇರುಸಿನ ದಪ್ಪ ಭಾಗವೂ ಸಣ್ಣ ಭಾಗವೂ ಸೇರುವ ಮೂಲೆಯಲ್ಲಿ, ಹೊರಮೈಯಿಂದ, ಬಿರುಕು ಹುಟ್ಟುತ್ತದೆ. ಉಂಗುರದಂತೆ ಸುತ್ತಲೂ ಹಬ್ಬಿ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಸರಿಯುತ್ತದೆ. ಉಳಿದ ತಿರುಳು ಭಾರವನ್ನು ತಾಳಲಾರದಷ್ಟು ಕಿರಿದಾದಾಗ ಇರುಸು ಮುರಿಯುತ್ತದೆ ಎಂದು ಅವನು ತೋರಿಸಿದನು. ಆ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಬೇಕೆಂದು ಸೂಚಿಸಿದನು. ಇದು ಕೇವಲ ಆಕಾರದ ಮಾತಾದರೂ ಇದರಲ್ಲಿ ಅಡಗಿದ್ದ ತತ್ತ್ವವು ದೊಡ್ಡದು. ರೋಗವು ಮಜ್ಜೆಯಲ್ಲಿಲ್ಲ, ಚರ್ಮದಲ್ಲಿದೆ ಎಂಬುದೇ ಆ ತತ್ತ್ವ. ಕೇಳಿದವರು ಕೇಳಿದರು; ಹರಳಿನ ಸಿದ್ಧಾಂತವನ್ನು ಮಾತ್ರ ಬಿಡಲಿಲ್ಲ. 1854ರಲ್ಲಿ ಫ್ರೆಡರಿಕ್ ಬ್ರೇಥ್‌ವೈಟ್ ಎಂಬ ಆಂಗ್ಲನು ತನ್ನ ಪ್ರಬಂಧದ ತಲೆಬರಹದಲ್ಲಿಯೇ ‘ದಣಿವು’ ಎಂಬ ಮಾತನ್ನು ಬಳಸಿದನು. ಹೀಗೆ ರೋಗಕ್ಕೆ ಹೆಸರು ರೂಢಿಯಾಯಿತು. ನಿದಾನವು ಮಾತ್ರ ಇನ್ನೂ ಆಗಬೇಕಾಗಿದ್ದಿತು.

ನಿದಾನದ ಮೊದಲ ಹೆಜ್ಜೆಯನ್ನಿಟ್ಟವನು ಪ್ರಷ್ಯದ ರೈಲು ಇಲಾಖೆಯಲ್ಲಿದ್ದ ಆಗಸ್ಟ್ ವೋಲರ್. ಅವನು ಓಡುವ ಗಾಡಿಯ ಇರುಸು ಎಷ್ಟು ಬಗ್ಗುತ್ತದೆಂದು ಮೊದಲು ಅಳೆದನು. ಅನಂತರ ಅಷ್ಟೇ ಬಾಗನ್ನು ಪ್ರತಿ ಸುತ್ತಿಗೂ ಕೊಡುವ ಯಂತ್ರಗಳನ್ನು ಮಾಡಿಸಿ, 1850ರ ದಶಕದಿಂದ 1870ರವರೆಗೆ ಕಬ್ಬಿಣ ಉಕ್ಕುಗಳ ತುಂಡುಗಳನ್ನು ಲಕ್ಷಗಟ್ಟಲೆ, ಕೋಟಿಗಟ್ಟಲೆ ಸುತ್ತುಗಳವರೆಗೆ ತಿರುಗಿಸಿ ನೋಡಿದನು. ಸುತ್ತುವ ಇರುಸಿನ ಮೈಯ ಒಂದೊಂದು ಬಿಂದುವೂ ಒಮ್ಮೆ ಮೇಲೆ ಬಂದು ಎಳೆಯಲ್ಪಡುತ್ತದೆ, ಒಮ್ಮೆ ಕೆಳಗೆ ಹೋಗಿ ಒತ್ತಲ್ಪಡುತ್ತದೆ. ಹೀಗೆ ಎಳೆದು ಒತ್ತುವ ಪ್ರಮಾಣವು ಹೆಚ್ಚಿದಷ್ಟೂ ಉಕ್ಕಿನ ಆಯುಸ್ಸು ಕುಗ್ಗುತ್ತದೆ. ಅದು ಒಂದು ಮಿತಿಗಿಂತ ಕೆಳಗಿದ್ದರೆ ಉಕ್ಕು ಎಷ್ಟು ಸುತ್ತಿದರೂ ಮುರಿಯುವಂತೆ ಕಾಣುವುದಿಲ್ಲ. ವೋಲರನು ಕಂಡುಹಿಡಿದ ಈ ಮಿತಿಗೆ ಸಹಿಷ್ಣುತೆಯ ಮಿತಿಯೆಂದು ಹೆಸರು. ಚೆನ್ನಾಗಿ ಮೆರುಗು ಕೊಟ್ಟ ಸಾಧಾರಣ ಉಕ್ಕಿನಲ್ಲಿ ಅದು ಒಂದೇ ಸಲಕ್ಕೆ ಎಳೆದು ಹರಿಯಲು ಬೇಕಾಗುವ ಬಲದ ಸುಮಾರು ಅರ್ಧದಷ್ಟಿರುತ್ತದೆ. ಮೆರುಗು ಕೊಟ್ಟ ಉಕ್ಕಿನಲ್ಲಿ ಎಂಬ ಈ ನಿಬಂಧನೆಯನ್ನು ಕೇಳುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರಲ್ಲಿಯೇ ಇದೆ.

ಹರಳಿನ ಸಿದ್ಧಾಂತಕ್ಕೆ ಕೊನೆಯ ಪೆಟ್ಟು ಬಿದ್ದುದು 1903ರಲ್ಲಿ. ಕೇಂಬ್ರಿಜ್ಜಿನಲ್ಲಿ ಯೂಯಿಂಗ್ ಮತ್ತು ಹಂಫ್ರಿ ಎಂಬ ಇಬ್ಬರು ಸ್ವೀಡನ್ನಿನ ಶುದ್ಧ ಕಬ್ಬಿಣದ ತುಂಡಿಗೆ ಕನ್ನಡಿಯಂತೆ ಮೆರುಗು ಕೊಟ್ಟು, ಅದನ್ನು ಬಗ್ಗಿಸುತ್ತ ಸುತ್ತಿಸಿ, ಆಗಾಗ್ಗೆ ನಿಲ್ಲಿಸಿ, ಅದರ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲನೆಯದಾಗಿ, ಕಬ್ಬಿಣವು ಹರಳಾಗುವುದಿಲ್ಲ. ಅದು ಮೊದಲಿನಿಂದಲೂ ಹರಳುಗಳ ರಾಶಿಯೇ ಆಗಿದೆ. ಎರಡನೆಯದಾಗಿ, ಸುತ್ತುಗಳು ಹೆಚ್ಚಿದಂತೆ ಕೆಲವು ಹರಳುಗಳ ಮೈಮೇಲೆ ತೆಳ್ಳನೆಯ ಗೆರೆಗಳು ಕಾಣಿಸಿಕೊಂಡವು. ಇಸ್ಪೀಟಿನ ಎಲೆಗಳ ಕಟ್ಟನ್ನು ಒತ್ತಿದರೆ ಎಲೆಗಳು ಒಂದರ ಮೇಲೊಂದು ಜಾರುವಂತೆ ಹರಳಿನ ಪದರಗಳು ಜಾರಿದುದರ ಗುರುತು ಅದು. ಗೆರೆಗಳು ಅಗಲವಾದವು, ಪಟ್ಟೆಗಳಾದವು, ಪಟ್ಟೆಗಳು ಬಿರುಕುಗಳಾದವು, ಬಿರುಕುಗಳು ಕೂಡಿಕೊಂಡು ತುಂಡು ಮುರಿಯಿತು. ದಣಿವು ಎಂಬುದು ಮೈಮೇಲೆ ಬರೆಯಲ್ಪಡುವ ಒಂದು ಬರಹವೆಂದು ಹೀಗೆ ಕಣ್ಣಾರೆ ಕಂಡಂತಾಯಿತು. ಅರ್ಧ ಶತಮಾನದ ಮೇಲೆ, 1956ರಲ್ಲಿ, ಥಾಮ್ಸನ್, ವಾಡ್ಸ್‌ವರ್ತ್, ಲೌವಾಟ್ ಎಂಬ ಮೂವರು ತಾಮ್ರದ ಮೇಲೆ ಈ ಪರೀಕ್ಷೆಯನ್ನು ಮುಂದುವರಿಸಿ, ಗೆರೆಗಳನ್ನು ವಿದ್ಯುತ್ತಿನಿಂದ ಕರಗಿಸಿ ತೆಗೆದರು. ಮರಳಿ ಸುತ್ತಿಸಿದಾಗ ಅವು ಅದೇ ಜಾಗಗಳಲ್ಲಿಯೇ ಎದ್ದವು. ಆದರೆ ಮೇಲ್ಪದರವನ್ನು ಆಗಾಗ್ಗೆ ತೆಗೆಯುತ್ತ ಬಂದರೆ ಲೋಹದ ಆಯುಸ್ಸು ಬೆಳೆಯುತ್ತದೆಂಬುದೂ ತಿಳಿಯಿತು. ದಣಿದ ಚರ್ಮವನ್ನು ಸುಲಿದರೆ ಒಳಗಿನ ಮೈ ಇನ್ನೂ ಎಳೆಯದಾಗಿಯೇ ಇದ್ದಿತು!

ಲೋಹದ ಹೊರಮೈಗೆ ಈ ದುರದೃಷ್ಟವೇಕೆ? ಕಾರಣಗಳು ಹಲವು. ಬಗ್ಗುವ ಅಥವಾ ತಿರುಚಲ್ಪಡುವ ವಸ್ತುವಿನಲ್ಲಿ ಬಲವು ಹೊರಮೈಯಲ್ಲಿ ಅತ್ಯಧಿಕವಾಗಿಯೂ ನಡುವಿನಲ್ಲಿ ಶೂನ್ಯವಾಗಿಯೂ ಇರುತ್ತದೆ. ಒಳಗಿನ ಹರಳಿಗೆ ಸುತ್ತಲೂ ನೆರೆಹೊರೆಯ ಆಸರೆಯುಂಟು. ಹೊರಗಿನ ಹರಳಿಗೆ ಒಂದು ಮಗ್ಗುಲು ಬರಿದು. ಗಾಳಿ, ನೀರು, ಉಪ್ಪು ಮುಟ್ಟುವುದು ಹೊರಮೈಯನ್ನೇ. ಎಲ್ಲಕ್ಕಿಂತ ಮಿಗಿಲಾಗಿ, ಲೇತಿನ ಉಳಿ, ಅರ, ಸಾಣೆಗಲ್ಲು ಇವು ಬಿಟ್ಟುಹೋಗುವ ಗೀರುಗಳಿರುವುದೂ ಅಲ್ಲಿಯೇ. ಬಟ್ಟೆಯನ್ನು ಹರಿಯುವ ಅಂಗಡಿಯವನು ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಕೊಟ್ಟು ಎಳೆದರೆ ಬಟ್ಟೆ ಆ ಕಚ್ಚಿನಿಂದಲೇ ಹರಿಯುವುದಿಲ್ಲವೇ? ಹಾಗೆಯೇ ಪ್ರತಿಯೊಂದು ಗೀರೂ ಬಿರುಕಿಗೆ ಬಾಗಿಲು. ಇದರಲ್ಲೊಂದು ವಿಪರ್ಯಾಸವುಂಟು. ಉಕ್ಕು ಬಲವಾದಷ್ಟೂ ಗೀರನ್ನು ಸಹಿಸುವ ಗುಣ ಅದರಲ್ಲಿ ಕಡಿಮೆಯಾಗುತ್ತದೆ. 1946ರಲ್ಲಿ ನಾಲ್ ಮತ್ತು ಲಿಪ್ಸನ್ ಎಂಬ ಅಮೆರಿಕನ್ನರು ಅದುವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ, ಸಾಣೆ ಹಿಡಿದ ಮೈ, ಲೇತಿನಲ್ಲಿ ಕಡೆದ ಮೈ, ಕಾಯಿಸಿ ಉರುಳೆಗಳ ನಡುವೆ ಹಾಯಿಸಿದ ಮೈ, ಕುಲುಮೆಯಿಂದ ಬಡಿದು ತೆಗೆದ ಮೈ ಎಂದು ವಿಂಗಡಿಸಿ ಗೆರೆಚಿತ್ರಗಳನ್ನು ಬರೆದರು. ಬಲು ಗಟ್ಟಿಯಾದ ಉಕ್ಕಿನ ಸಹಿಷ್ಣುತೆಯು ಕುಲುಮೆಯ ಒರಟು ಮೈಯಿದ್ದರೆ ಮೆರುಗಿನ ಮೈಗಿರುವುದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆಂದು ಅವು ತೋರಿಸುತ್ತವೆ. ಹೆಚ್ಚು ಹಣ ಕೊಟ್ಟು ಬಲವಾದ ಉಕ್ಕನ್ನು ತಂದು ಅದರ ಮೈಯನ್ನು ಅಲಕ್ಷಿಸಿದರೆ ಕೊಟ್ಟ ಹಣವು ನೀರಿನಲ್ಲಿ ಹೋದಂತೆಯೇ ಸರಿ.

ಇನ್ನು ತುಕ್ಕು ಹಿಡಿಯದ ಉಕ್ಕಿನ ವಿಚಾರ. 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯ ಸ್ಟ್ರಾಸ್ ಮತ್ತು ಮೌರೆರ್ ಕ್ರೋಮಿಯಂ ನಿಕಲುಗಳನ್ನು ಬೆರಸಿದ ಉಕ್ಕನ್ನು ಸಿದ್ಧಗೊಳಿಸಿದರು. 1913ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿಯು, ಬಂದೂಕಿನ ನಳಿಗೆಗಳು ಸವೆಯದಂತೆ ಮಾಡುವ ಬಗೆಯನ್ನು ಹುಡುಕುತ್ತ, ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಉಳ್ಳ ಉಕ್ಕನ್ನು ಎರಕ ಹೊಯ್ಯಿಸಿದನು. ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಆಮ್ಲದಲ್ಲಿ ಅದ್ದಿದಾಗ ಆಮ್ಲವು ಅದನ್ನು ಸರಿಯಾಗಿ ತಿನ್ನಲಾರದೆ ಹೋಯಿತು. ಮನೆಯ ಚಾಕು ಚಮಚಗಳಿಗೆ ಇದು ತಕ್ಕ ಉಕ್ಕೆಂದು ಅವನಿಗೆ ಹೊಳೆಯಿತು. ಈ ಗುಣದ ರಹಸ್ಯವೂ ಮೈಯಲ್ಲಿಯೇ ಇದೆ. ಗಾಳಿ ಸೋಂಕಿದೊಡನೆ ಕ್ರೋಮಿಯಮ್ಮು ಆಮ್ಲಜನಕದೊಡನೆ ಕೂಡಿ ಉಕ್ಕಿನ ಮೇಲೆ ಒಂದು ಪೊರೆಯನ್ನು ಕಟ್ಟುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂತಹ ಕೆಲವೇ ಪಾಲುಗಳಷ್ಟು ತೆಳ್ಳನೆಯದು ಈ ಪೊರೆ, ಕಣ್ಣಿಗೆ ಕಾಣದು. ಗೀರಿದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಅಡಿಗೆಯ ಮನೆಯ ಪಾತ್ರೆಗಳು ಹುಣಿಸೆ ಮಜ್ಜಿಗೆಗಳಿಗೆ ಅಂಜದೆ ಹೊಳೆಯುವುದು ಈ ಪೊರೆಯ ದಯೆಯಿಂದ.

ತುಕ್ಕನ್ನು ಗೆದ್ದ ಉಕ್ಕು ದಣಿವನ್ನೂ ಗೆದ್ದೀತೆಂದು ಭಾವಿಸುವುದು ಸುಲಭ. ಏಕೆಂದರೆ ತುಕ್ಕೂ ದಣಿವೂ ಜೊತೆಗೂಡಿದರೆ ಲೋಹಕ್ಕೆ ಉಳಿಗಾಲವಿಲ್ಲವೆಂಬುದು ಆ ವೇಳೆಗೆ ತಿಳಿಯತೊಡಗಿದ್ದಿತು. 1917ರಲ್ಲಿ ಹೇಗ್ ಎಂಬ ಆಂಗ್ಲನು ಹಿತ್ತಾಳೆಯ ಮೇಲೆ ನಡೆಸಿದ ಪರೀಕ್ಷೆಗಳೂ, 1926ರಿಂದ ಮೆಕ್ಯಾಡಂ ಎಂಬವನು ಅಮೆರಿಕದ ನೌಕಾ ಪ್ರಯೋಗಶಾಲೆಯಲ್ಲಿ ಉಕ್ಕಿನ ಮೇಲೆ ನಡೆಸಿದ ಪರೀಕ್ಷೆಗಳೂ ಇದನ್ನು ಸ್ಥಾಪಿಸಿದವು. ನೀರು ಸೋಂಕುತ್ತಿರುವಾಗಲೇ ಬಗ್ಗುವ ಸಾಧಾರಣ ಉಕ್ಕಿನಲ್ಲಿ ಬಲವಾದುದೂ ಒಂದೇ, ದುರ್ಬಲವಾದುದೂ ಒಂದೇ. ಕ್ರೋಮಿಯಂ ಉಳ್ಳ ಉಕ್ಕು ಮಾತ್ರ ಗಮನಾರ್ಹವಾಗಿ ಮೇಲು ಎಂದು ಮೆಕ್ಯಾಡಂ ಕಂಡನು. ಇಷ್ಟು ನಿಜ. ಆದರೆ ಪೊರೆಯು ತುಕ್ಕನ್ನು ತಡೆಯುತ್ತದೆಯೇ ಹೊರತು ಹರಳುಗಳ ಜಾರುವಿಕೆಯನ್ನು ತಡೆಯಲಾರದು. ಪದರಗಳು ಜಾರಿ ಮೆಟ್ಟಿಲುಗಳಂತೆ ಮೇಲೆದ್ದಾಗ ಪೊರೆ ಒಡೆಯುತ್ತದೆ. ಬರಿಯ ಲೋಹವು ಬಯಲಾಗುತ್ತದೆ. ಪೊರೆ ಮರಳಿ ಕೂಡುವಷ್ಟರಲ್ಲಿ ಮುಂದಿನ ಬಾಗು ಅದನ್ನು ಮತ್ತೆ ಒಡೆಯುತ್ತದೆ. ಸುತ್ತಲೂ ಉಪ್ಪುನೀರಿದ್ದರೆ ಅಂತಹ ಜಾಗಗಳಲ್ಲಿ ಸೂಜಿಯ ಮೊನೆಯಷ್ಟು ಕುಳಿಗಳು ಬೀಳುತ್ತವೆ. ಕುಳಿಯಿಂದ ಬಿರುಕು ಹೊರಡುತ್ತದೆ. ಸುತ್ತಲಿನ ಮೈ ಮಾತ್ರ ಮೊದಲಿನಂತೆಯೇ ಥಳಥಳಿಸುತ್ತಿರುತ್ತದೆ. ತುಕ್ಕು ಹಿಡಿಯುವ ಕಬ್ಬಿಣವು ತನ್ನ ರೋಗವನ್ನು ಕೆಂಪು ಬಣ್ಣದಿಂದ ಸಾರಿ ಹೇಳುತ್ತದೆ. ಈ ಉಕ್ಕು ನಗುನಗುತ್ತಲೇ ಸಾಯುತ್ತದೆ.

ಹಾಗಾದರೆ ಮೈಯನ್ನು ಕನ್ನಡಿಯಂತೆ ಹೊಳೆಯಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಹೊಳಪು ಬೇರೆ, ಬಲ ಬೇರೆ. ಈ ಎರಡರ ಅಂತರವೇ ನಮ್ಮ ಈ ಉಪನ್ಯಾಸದ ಸಾರ. ಉಕ್ಕಿನ ತುಂಡೊಂದನ್ನು ಅವಸರದಿಂದ, ಬಲವಾಗಿ ಒತ್ತಿ, ಸಾಣೆ ಹಿಡಿದರೆ ಮೇಲ್ಪದರವು ಕ್ಷಣಮಾತ್ರದಲ್ಲಿ ಕಾದು ಹಿಗ್ಗಲು ಹವಣಿಸುತ್ತದೆ. ಒಳಗಿನ ತಣ್ಣನೆಯ ಲೋಹವು ಅದಕ್ಕೆ ಎಡೆಗೊಡುವುದಿಲ್ಲ. ಕಾದ ಪದರವು ಅಲ್ಲಿಯೇ ನಲುಗಿ, ಆರಿದ ಮೇಲೆ ಕುಗ್ಗಲು ಹೋಗಿ, ಎಲ್ಲ ಕಡೆಯಿಂದಲೂ ಎಳೆದು ಕಟ್ಟಿದ ಮದ್ದಳೆಯ ಚರ್ಮದಂತಾಗುತ್ತದೆ. ಕಣ್ಣಿಗೆ ಅದು ನುಣುಪು, ಕೈಗೆ ನುಣುಪು. ಆದರೆ ಭಾರ ಬೀಳುವುದಕ್ಕೆ ಮುಂಚೆಯೇ ಅದರ ಮೈ ಎಳೆತದಲ್ಲಿದೆ. ಬಿಗಿದ ಚರ್ಮಕ್ಕೆ ಸಣ್ಣ ಗಾಯವಾದರೆ ಅದು ಓಡುವಂತೆ ಅಲ್ಲಿ ಹುಟ್ಟಿದ ಬಿರುಕು ಓಡುತ್ತದೆ. ಮೆಲ್ಲಗೆ, ತಂಪಾಗಿ, ಬಲವು ಹರಿಯುವ ದಿಕ್ಕಿಗೇ ಸಾಣೆ ಹಿಡಿದ ತುಂಡು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಬರಿಗಣ್ಣಿಗೆ ಭೇದ ಕಾಣದು.

ಇದನ್ನು ತಿರುಗಿಸಿ ನೋಡಿದವರಿಗೆ ಪರಿಹಾರವೂ ಹೊಳೆಯಿತು. ಮೈ ಎಳೆತದಲ್ಲಿದ್ದರೆ ಕೇಡು, ಒತ್ತಿನಲ್ಲಿದ್ದರೆ ಲೇಸು. ನಮ್ಮ ಹಳ್ಳಿಯ ಬಡಗಿಗೂ ಕಮ್ಮಾರನಿಗೂ ಈ ತತ್ತ್ವವು ಹೊಸದಲ್ಲ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ಯುತ್ತಾರೆ. ಪಟ್ಟೆ ಕುಗ್ಗಿ ಮರವನ್ನು ಅದುಮುತ್ತದೆ. ಅದುಮಿದ ಮರದ ಸಂದುಗಳು ಕಲ್ಲುಹಾದಿಯಲ್ಲಿಯೂ ಬಾಯಿಬಿಡುವುದಿಲ್ಲ. ಉಕ್ಕಿನ ಮೈಯನ್ನೂ ಹೀಗೆ ಅದುಮಿಟ್ಟರೆ ಬಿರುಕು ಬಾಯಿಬಿಡಲಾರದು. ಬಿರುಕಿಗೆ ಎಳೆತವೇ ಆಹಾರ. ಹೊರಗಿನ ಭಾರದಿಂದ ಬರುವ ಎಳೆತವು ಮೊದಲು ಈ ಒತ್ತಿನ ಸಾಲವನ್ನು ತೀರಿಸಬೇಕು, ಉಳಿದರೆ ಮಾತ್ರ ಬಿರುಕಿಗೆ ಸಲ್ಲುವುದು.

1920ರ ದಶಕದ ಕೊನೆಯಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಆಟೋ ಫೆಪ್ಪಲನು ಗಟ್ಟಿಯಾದ ಉರುಳೆಗಳಿಂದ ಲೋಹದ ಮೈಯನ್ನು ಒತ್ತಿ ಅದರ ದಣಿವಿನ ಆಯುಸ್ಸನ್ನು ಬೆಳೆಸಿ ತೋರಿಸಿದನು. ಅದೇ ಕಾಲದಲ್ಲಿ, 1927ರಲ್ಲಿ, ಇಂಗ್ಲೆಂಡಿನ ಹರ್ಬರ್ಟ್ ಎಂಬವನು ಉಕ್ಕಿನ ಗುಂಡುಗಳನ್ನು ಮಳೆಯಂತೆ ಸುರಿಸಿ ಮೈಯನ್ನು ಗಟ್ಟಿಮಾಡುವ ಯಂತ್ರವನ್ನು ರಚಿಸಿ, ಅದಕ್ಕೆ ‘ಮೇಘಸ್ಫೋಟ’ ಎಂಬರ್ಥದ ಹೆಸರಿಟ್ಟನು. ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ ಸ್ಪ್ರಿಂಗುಗಳನ್ನು ಚೊಕ್ಕಟಗೊಳಿಸಲೆಂದು ಸಣ್ಣ ಉಕ್ಕಿನ ಗುಂಡುಗಳಿಂದ ಹೊಡೆಯುವ ರೂಢಿಯಿದ್ದಿತು. ಹಾಗೆ ಹೊಡೆಸಿಕೊಂಡ ಸ್ಪ್ರಿಂಗುಗಳ ಮೈ ಮಸುಕಾಗಿ ಒರಟಾಗಿದ್ದರೂ ಅವು ನುಣುಪಾದವುಗಳಿಗಿಂತ ಬಹುಪಾಲು ಹೆಚ್ಚು ಬಾಳುತ್ತವೆಂಬುದು ಬೆಳಕಿಗೆ ಬಂದಿತು. ಸ್ಪ್ರಿಂಗು ಕಾರ್ಖಾನೆಯೊಂದರ ಜಿಮ್ಮರ್ಲಿ 1940ರಲ್ಲಿ ಇದನ್ನು ಕುರಿತು ಪ್ರಬಂಧ ಬರೆದನು. ಜನರಲ್ ಮೋಟಾರ್ಸ್ ಪ್ರಯೋಗಶಾಲೆಯ ಆಲ್ಮೆನ್ ಎಂಬವನು ಅದೇ ಕಾಲದಲ್ಲಿ ಈ ಹೊಡೆತವನ್ನು ಅಳೆಯುವ ಸರಳವಾದ ಉಪಾಯವನ್ನು ಕಂಡುಹಿಡಿದನು. ಮೂರು ಅಂಗುಲ ಉದ್ದ, ಮುಕ್ಕಾಲು ಅಂಗುಲ ಅಗಲದ ಉಕ್ಕಿನ ಪಟ್ಟಿಯನ್ನು ದಿಮ್ಮಿಯೊಂದಕ್ಕೆ ಬಿಗಿದು ಒಂದು ಮಗ್ಗುಲಿಗೆ ಗುಂಡುಗಳನ್ನು ಹೊಡೆಯುವುದು; ಬಿಚ್ಚಿದಾಗ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ; ಬಾಗಿನ ಎತ್ತರವೇ ಹೊಡೆತದ ಅಳತೆ. ಗುಂಡು ತಗುಲಿದ ಮಗ್ಗುಲು ಹಿಗ್ಗಲು ಹವಣಿಸುತ್ತಿದೆ, ಎಂದರೆ ಅದು ಒತ್ತಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಬೇಕಿಲ್ಲ. ಈ ಪಟ್ಟಿಗಳು ಇಂದಿಗೂ ಲೋಕದ ಎಲ್ಲ ಕಾರ್ಖಾನೆಗಳಲ್ಲಿ ಅವನ ಹೆಸರಿನಿಂದಲೇ ಬಳಕೆಯಲ್ಲಿವೆ.

ಸುತ್ತಿಗೆಯ ಪೆಟ್ಟಿನ ಚಿಕ್ಕಚಿಕ್ಕ ಗುಳಿಗಳಿರುವ ತಾಮ್ರದ ಹಂಡೆಯನ್ನು ನೋಡಿದವರಿಗೆ ಗುಂಡಿನ ಹೊಡೆತವುಂಡ ಉಕ್ಕಿನ ಮೈಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಹಂಡೆಯ ಗುಳಿಗಿಂತ ಇದರ ಗುಳಿ ಎಷ್ಟೋ ಕಿರಿದು. ಒಂದೊಂದು ಗುಂಡೂ ಒಂದೊಂದು ಪುಟ್ಟ ಸುತ್ತಿಗೆ; ಅದು ಮೈಯನ್ನು ಹಿಗ್ಗಿಸಿ, ಕೆಳಗಿನ ಲೋಹವು ಆ ಹಿಗ್ಗನ್ನು ಹಿಂದಕ್ಕೆ ಎಳೆದು, ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಿಂದ ಅರೆ ಮಿಲಿಮೀಟರಿನವರೆಗೆ ಒತ್ತಿನ ಕವಚವೊಂದು ಏರ್ಪಡುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಇದಕ್ಕೆ ಇನ್ನೊಂದು ಲಾಭವೂ ಸೇರುತ್ತದೆ. ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲು ಉಳ್ಳ ಸಾಮಾನ್ಯ ಜಾತಿಯು ಮೆತ್ತನೆಯದು. ಬಡಿದಂತೆ ಅದು ಗಟ್ಟಿಯಾಗುತ್ತದೆ. ಮೇಲ್ಪದರದ ಹರಳುಗಳಲ್ಲಿ ಕೆಲವು ಮಾರ್ಟೆನ್‌ಸೈಟ್ ಎಂಬ ಗಡುಸಾದ ರೂಪಕ್ಕೆ ತಿರುಗುತ್ತವೆ. ಆದರೆ ಇಲ್ಲಿ ಎಚ್ಚರವೂ ಬೇಕು. ಸಾಧಾರಣ ಉಕ್ಕಿನ ಗುಂಡುಗಳಿಂದ ಹೊಡೆದರೆ ಕಬ್ಬಿಣದ ಕಣಗಳು ಮೈಗೆ ಅಂಟಿ, ತುಕ್ಕು ಹಿಡಿಯದ ಉಕ್ಕಿಗೂ ತುಕ್ಕಿನ ಕಲೆ ಹತ್ತುತ್ತದೆ. ಆದುದರಿಂದ ಸ್ಟೇನ್‌ಲೆಸ್ ಗುಂಡುಗಳನ್ನೋ ಗಾಜಿನ ಮಣಿಗಳನ್ನೋ ಬಳಸುತ್ತಾರೆ. ಮಿತಿಮೀರಿ ಹೊಡೆದರೆ ಮೈ ಮಡಿಕೆಬಿದ್ದು ಆ ಮಡಿಕೆಗಳೇ ಬಿರುಕಾಗುತ್ತವೆ. ಹೊಡೆದ ಮೇಲೆ ಹೆಚ್ಚು ಕಾಯಿಸಿದರೆ ಒತ್ತು ಕರಗಿಹೋಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಮೈಗೆ ಮಾಡುವ ಸಂಸ್ಕಾರಗಳೆಲ್ಲವನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. 1930ರ ದಶಕದಲ್ಲಿ ಫ್ರಾನ್ಸಿನ ಜಾಕೆಯು ಬಳಕೆಗೆ ತಂದ ವಿದ್ಯುನ್ಮೆರುಗು ಸ್ಟೇನ್‌ಲೆಸ್ ಉಕ್ಕನ್ನು ಅತ್ಯಂತ ನುಣುಪಾಗಿಸಿ ತುಕ್ಕಿಗೆ ಇನ್ನಷ್ಟು ನಿರೋಧವನ್ನು ಕೊಡುತ್ತದೆ. ಆದರೆ ಕೈಮೆರುಗಿನಿಂದಲೋ ಗುಂಡಿನಿಂದಲೋ ಒತ್ತಿಗೊಳಗಾಗಿದ್ದ ಪದರವನ್ನು ಕರಗಿಸಿಬಿಡುವುದರಿಂದ ದಣಿವಿನ ದೃಷ್ಟಿಯಲ್ಲಿ ನಷ್ಟವೂ ಆಗಬಹುದು. ಗಟ್ಟಿ ಕ್ರೋಮಿಯಂ ಲೇಪವು ಸವೆತವನ್ನು ತಡೆಯುತ್ತದೆ. ಆದರೆ ಆ ಲೇಪವೇ ಎಳೆತದಲ್ಲಿದ್ದು ಸೂಕ್ಷ್ಮವಾದ ಬಿರುಕುಗಳಿಂದ ಕೂಡಿರುವುದರಿಂದ ಕೆಳಗಿನ ಉಕ್ಕಿನ ಆಯುಸ್ಸನ್ನು ಕುಗ್ಗಿಸುತ್ತದೆ. ಲೇಪಕ್ಕೆ ಮುಂಚೆ ಗುಂಡು ಹೊಡೆದರೆ ಕೇಡು ತಗ್ಗುತ್ತದೆ. ಬೆಸುಗೆಯ ಕಪ್ಪನ್ನು ತೆಗೆಯಲು ಆಮ್ಲದಲ್ಲಿ ಬಹಳ ಹೊತ್ತು ಬಿಟ್ಟರೆ ಹರಳುಗಳ ಸಂದುಗಳು ಕೊರೆದುಹೋಗಿ ಬಿರುಕಿಗೆ ದಾರಿಯಾಗುತ್ತದೆ. ಸಾರಜನಕವನ್ನು ಮೈಯೊಳಕ್ಕೆ ಇಳಿಸಿ ಗಟ್ಟಿಮಾಡುವ ಪದ್ಧತಿಯಲ್ಲಿ, ಬಿಸಿಯು 500 ಡಿಗ್ರಿಗೆ ಮೇಲೇರಿದರೆ ಕ್ರೋಮಿಯಮ್ಮು ಸಾರಜನಕದೊಡನೆ ಕೂಡಿಹೋಗಿ ಪೊರೆ ಕಟ್ಟಲು ಉಳಿಯುವುದಿಲ್ಲ. ಮೈ ಗಟ್ಟಿಯಾಯಿತು, ತುಕ್ಕೂ ಹಿಡಿಯಿತು ಎಂಬಂತಾಗುತ್ತದೆ. 1980ರ ದಶಕದಿಂದೀಚೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿಯೂ ಬೇರೆಡೆಗಳಲ್ಲಿಯೂ ಇದನ್ನು ಕಡಿಮೆ ಬಿಸಿಯಲ್ಲಿ, ನಿಧಾನವಾಗಿ ಮಾಡುವ ಬಗೆ ಬೆಳೆಯಿತು. ಆಗ ಸಾರಜನಕವು ಹರಳುಗಳ ಸಂದಿಯಲ್ಲಿ ಸುಮ್ಮನೆ ತುಂಬಿಕೊಂಡು ಅವನ್ನು ಉಬ್ಬಿಸಿ ಭಾರಿಯಾದ ಒತ್ತನ್ನುಂಟುಮಾಡುತ್ತದೆ, ಪೊರೆಯೂ ಉಳಿಯುತ್ತದೆ.

ಇದೆಲ್ಲ ಕಾರ್ಖಾನೆಯವರ ಚಿಂತೆಯೆಂದು ಬಗೆಯುವವರಿಗೆ ಒಂದು ನಿದರ್ಶನವನ್ನು ಕೊಡಬಯಸುತ್ತೇವೆ. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯು ಸವೆದ ಸೊಂಟದ ಕೀಲಿಗೆ ಬದಲಾಗಿ ಸ್ಟೇನ್‌ಲೆಸ್ ಉಕ್ಕಿನ ಕೀಲನ್ನು ತೊಡೆಯ ಮೂಳೆಯೊಳಗೆ ನೆಟ್ಟು, ಎದುರಿಗೆ ಗಟ್ಟಿ ಪಾಲಿಎಥಿಲೀನಿನ ಬಟ್ಟಲನ್ನು ಕೂಡಿಸಿದನು. ಹಾಸಿಗೆ ಹಿಡಿದವರು ಎದ್ದು ನಡೆದರು. ನಡೆಯುವ ಮನುಷ್ಯನು ಒಂದು ವರ್ಷದಲ್ಲಿ ಒಂದೊಂದು ಕಾಲಿನ ಮೇಲೆ ಸುಮಾರು ಹತ್ತು ಲಕ್ಷ ಹೆಜ್ಜೆಗಳನ್ನಿಡುತ್ತಾನೆ. ಒಂದೊಂದು ಹೆಜ್ಜೆಯೂ ಆ ಕೀಲಿಗೆ ಒಂದೊಂದು ಬಾಗು. ಸುತ್ತಲೂ ಇರುವುದು ಉಪ್ಪಿನಂಶವುಳ್ಳ ದೇಹದ್ರವ. ಕೆಲವು ವರ್ಷಗಳ ಮೇಲೆ ಕೆಲವರ ದೇಹದೊಳಗೆ ಉಕ್ಕಿನ ಕಾಂಡವು ಮುರಿಯಿತು. ಎಳೆತಕ್ಕೆ ಸಿಕ್ಕುವ ಹೊರಮಗ್ಗುಲಿನಿಂದ ಬಿರುಕು ಹೊರಟಿದ್ದಿತು. ಚಾರ್ನ್ಲಿಯು ಇದನ್ನು ಮರೆಮಾಡದೆ 1975ರಲ್ಲಿ ಪ್ರಕಟಿಸಿದನು. ಕಾಂಡದ ಆಕಾರ ಬದಲಾಯಿತು; ಉಕ್ಕಿನ ಜಾತಿಯೂ ಬದಲಾಯಿತು; ಕಾಯಿಸದೆ ಬಡಿದು ಗಟ್ಟಿಮಾಡಿದ, ಸಾರಜನಕವುಳ್ಳ ಉಕ್ಕು ಬಂದಿತು. ವರ್ಸೈಲ್ಸಿನ ಇರುಸಿಗೂ ಈ ಕೀಲಿಗೂ ನಡುವೆ ನೂರಿಪ್ಪತ್ತು ವರ್ಷಗಳ ಅಂತರವಿದ್ದರೂ ರೋಗವು ಒಂದೇ.

ಈ ಕಥೆ ಇಲ್ಲಿಗೆ ಮುಗಿಯಿತೆನ್ನಲಾಗದು. ಗುಂಡುಗಳಿಗೆ ಬದಲಾಗಿ ಲೇಸರ್ ಕಿರಣದ ಆಘಾತದಿಂದ ಮೈಯನ್ನು ಒತ್ತುವ ವಿಧಾನವು 1970ರ ದಶಕದಲ್ಲಿ ಅಮೆರಿಕದ ಬ್ಯಾಟೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಂಡು, 1990ರ ದಶಕದಲ್ಲಿ ವಿಮಾನದ ಎಂಜಿನಿನ ರೆಕ್ಕೆಗಳಿಗೆ ಬಳಕೆಯಾಯಿತು. ಅದರ ಒತ್ತು ಒಂದು ಮಿಲಿಮೀಟರಿಗೂ ಮಿಗಿಲಾಗಿ ಇಳಿಯುತ್ತದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವಿಮಾನ ವಿಜ್ಞಾನ ಪ್ರಯೋಗಶಾಲೆಯಲ್ಲಿ ವಿಮಾನದ ಅಂಗಾಂಗಗಳನ್ನು ಲಕ್ಷಾಂತರ ಸಲ ಬಗ್ಗಿಸಿ ಅವುಗಳ ದಣಿವನ್ನು ಅಳೆಯುವ ಕೆಲಸವು ನಡೆದುಬಂದಿದೆ. ಅಲ್ಲಿಯ ಯಂತ್ರಗಳು ವೋಲರನ ಯಂತ್ರದ ವಂಶದವೇ. ಇತ್ತ ಇನ್ನೊಂದು ಸೋಜಿಗವೂ ಹೊರಬಿದ್ದಿದೆ. ಮೈಯನ್ನು ಇಷ್ಟೆಲ್ಲ ಭದ್ರಪಡಿಸಿದ ಮೇಲೆ, ಕೋಟಿ ಸುತ್ತುಗಳನ್ನು ದಾಟಿ ಬಾಳಿದ ಗಟ್ಟಿ ಉಕ್ಕುಗಳಲ್ಲಿ ಬಿರುಕು ಒಳಗಿನಿಂದ, ಉಕ್ಕನ್ನು ಕಾಯಿಸುವಾಗ ಸೇರಿಕೊಂಡ ಕಲ್ಮಷದ ಸಣ್ಣ ಕಣದಿಂದ, ಹುಟ್ಟುವುದುಂಟು. ಹರಳಿನ ಸಿದ್ಧಾಂತದವರು ಒಳಗನ್ನು ಬೆರಳಿಟ್ಟು ತೋರಿಸಿದುದು ಇದಕ್ಕಲ್ಲ. ಆದರೆ ಹೊರಗೆ ಕೋಟೆ ಭದ್ರವಾದಾಗ ಶತ್ರುವು ಒಳಗಿನ ಬಾಗಿಲನ್ನು ಹುಡುಕುತ್ತಾನೆಂಬುದು ಲೋಹದ ವಿಷಯದಲ್ಲಿಯೂ ನಿಜವಾಗಿದೆ.

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇಷ್ಟು. ವರ್ಸೈಲ್ಸಿನಲ್ಲಿ ಬೆಂದವರನ್ನು ಕೊಂದುದು ಇರುಸಿನ ಬಲಹೀನತೆಯಲ್ಲ, ಅದರ ಮೈಮೇಲಿನ ಬಿರುಕು. ಆ ಬಿರುಕು ಕಣ್ಣಿಗೆ ಬೀಳುವಂತಿದ್ದರೂ ಬಹುಕಾಲ ಯಾರೂ ಅಲ್ಲಿ ನೋಡಲಿಲ್ಲ. ಏಕೆಂದರೆ ರೋಗವು ಒಳಗಿದೆಯೆಂಬ ನಂಬಿಕೆಯು ಎಲ್ಲರ ನೋಟವನ್ನೂ ಬೇರೆಡೆಗೆ ತಿರುಗಿಸಿದ್ದಿತು. ಮುಂದೆ ಮೈಯನ್ನು ನೋಡಲು ಕಲಿತ ಮೇಲೂ ಹೊಳಪನ್ನೇ ಆರೋಗ್ಯವೆಂದು ತಿಳಿಯುವ ಭ್ರಮೆ ಉಳಿಯಿತು. ಮಸುಕಾದ, ಗುಳಿಬಿದ್ದ, ನೋಡಲು ಒರಟಾದ ಮೈಯು ಬಹುಕಾಲ ಬಾಳುವುದೂ, ಅವಸರದ ಸಾಣೆಯಿಂದ ಕನ್ನಡಿಯಂತಾದ ಮೈಯು ಬೇಗನೆ ಬಿರಿಯುವುದೂ ಆ ಭ್ರಮೆಗೆ ಉತ್ತರ. ಉಕ್ಕನ್ನು ಕೊಳ್ಳುವವರು ಅದರ ತೂಕವನ್ನೂ ಜಾತಿಯನ್ನೂ ಕೇಳುತ್ತಾರೆ. ಅದರ ಮೈಗೆ ಯಾವ ಸಂಸ್ಕಾರವಾಗಿದೆಯೆಂದು ಕೇಳುವವರು ವಿರಳ. ಜನರ ಪ್ರಾಣವು ಯಾವ ಉಕ್ಕನ್ನು ನಂಬಿದೆಯೋ ಅಲ್ಲಿ ಈ ಪ್ರಶ್ನೆಯನ್ನೇ ಮೊದಲು ಕೇಳುವುದು ವಿವೇಕ.